ಹ್ಯಾಲೋವೀನ್‌ಗೆ ಒಂದು ಕಿಟಕಿ ಸಾಕು: ಮಕ್ಕಳೊಡನೆ ಕಾಗದದ ದೆವ್ವ ಮಾಡುವ ಬಗೆ

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಅಮೆರಿಕದ ಕನ್ನಡ ಅಪ್ಪ-ಅಮ್ಮಂದಿರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: "ಮಗು ಶಾಲೆಯಿಂದ ಬಂದು ಹ್ಯಾಲೋವೀನ್ ಹ್ಯಾಲೋವೀನ್ ಅಂತ ಜೀವ ತಿನ್ನುತ್ತಿದೆ, ಮನೆಯಲ್ಲಿ ಏನು ಮಾಡಿಸೋದು?" ಈಚೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಂದಲೂ ಇದೇ ಪ್ರಶ್ನೆ. ಹೆಚ್ಚಿನವರು ಇಂಟರ್ನೆಟ್ಟಿನಿಂದ ಮೂವತ್ತು ಚಿತ್ರ ಪ್ರಿಂಟ್ ತೆಗೆದು, ಕ್ರೇಯಾನ್ ಡಬ್ಬಿಯ ಜೊತೆ ಮಗುವಿನ ಮುಂದೆ ಇಡುತ್ತಾರೆ. ಮೂರನೇ ಹಾಳೆಗೆ ಮಗುವಿಗೆ ಸಾಕಾಗುತ್ತದೆ. ಉಳಿದ ಇಪ್ಪತ್ತೇಳು ಹಾಳೆ ರದ್ದಿಗೆ.

ನಾನು ಹೇಳುವುದಿಷ್ಟು: ಬೀದಿಗೆ ಕಾಣುವ ಒಂದು ಕಿಟಕಿ ಆರಿಸಿಕೊಳ್ಳಿ. ಅದನ್ನೇ ಭೂತಬಂಗಲೆ ಮಾಡಿ. ಬಣ್ಣ ಹಚ್ಚಿದ್ದು, ಕತ್ತರಿಸಿದ್ದು, ಮಡಿಸಿದ್ದು ಹೆಚ್ಚಿನದೆಲ್ಲ ಕೊನೆಗೆ ಆ ಕಿಟಕಿಗೋ ಬಾಗಿಲಿಗೋ ಹೋಗಬೇಕು. ತಾನು ಮಾಡಿದ್ದು ಎಲ್ಲಿಗೆ ಸೇರುತ್ತದೆ ಎಂದು ಗೊತ್ತಿದ್ದರೆ ಮಗು ಕೂತು ಕೆಲಸ ಮಾಡುತ್ತದೆ. ಇನ್ನೊಂದು ಮಾತು: ಕಾಗದದ ದೆವ್ವ ಹಗಲಿನಲ್ಲಿ ಯಾರನ್ನೂ ಹೆದರಿಸುವುದಿಲ್ಲ, ಹಿಂದಿನಿಂದ ಬೆಳಕು ಬಿದ್ದಾಗಲೇ ಅದಕ್ಕೆ ಜೀವ. ಹಾಗಾಗಿ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಕತ್ತಲು ಮತ್ತು ಹಿಂಬೆಳಕನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಹ್ಯಾಲೋವೀನ್ ಅಕ್ಟೋಬರ್ 31ರ ಸಂಜೆ. ಬೇರು ಇರುವುದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವಾಗ ಆಚರಿಸುತ್ತಿದ್ದ ಹಬ್ಬದಲ್ಲಿ. ಆ ರಾತ್ರಿ ಸತ್ತವರು ತಿರುಗಾಡುತ್ತಾರೆ ಎಂಬ ನಂಬಿಕೆಯಿತ್ತು. ಅಲ್ಲಿನವರು ಟರ್ನಿಪ್ ಗೆಡ್ಡೆ ಕೊರೆದು ಮುಖ ಮಾಡಿ ಒಳಗೆ ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಬಂದ ಐರಿಷರಿಗೆ ಕೊರೆಯಲು ಸುಲಭವಾದ ದೊಡ್ಡ ಕುಂಬಳಕಾಯಿ ಸಿಕ್ಕಿತು. ಕಾಗದದ ಅಲಂಕಾರ ಆಮೇಲಿನದು, ಅದರ ಹಿಂದೆ ವ್ಯಾಪಾರದ ಬುದ್ಧಿಯೂ ಇತ್ತು: ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್‌ನ ಡೆನಿಸನ್ ಕಂಪನಿ ತನ್ನ ಕ್ರೇಪ್ ಪೇಪರ್ ಖರ್ಚಾಗಲಿ ಎಂದೇ 1909ರಲ್ಲಿ ಹ್ಯಾಲೋವೀನ್ ಅಲಂಕಾರದ ಕೈಪಿಡಿ ಅಚ್ಚು ಹಾಕಿಸಿತು. ಪೆನ್ಸಿಲ್ವೇನಿಯಾದ ಬೈಸ್ಟಲ್ ಕಂಪನಿ ರಟ್ಟಿನ ಕೀಲುಗೊಂಬೆ ಅಸ್ಥಿಪಂಜರಗಳನ್ನು ಮನೆಮನೆಗೆ ಮುಟ್ಟಿಸಿತು. ನಾವು ಮಾಡಹೊರಟಿರುವುದು ಅದನ್ನೇ, ಕೊಂಡು ತರದೆ.

"ಇದು ನಮ್ಮ ಹಬ್ಬ ಅಲ್ಲವಲ್ಲ" ಎನ್ನುವವರಿಗೆ ನನ್ನ ವಾದವೇನಿಲ್ಲ, ಅದು ನಿಮ್ಮ ಮನೆಯ ತೀರ್ಮಾನ. ಆದರೆ ದೀಪಾವಳಿ, ನವೆಂಬರ್ 1ರ ರಾಜ್ಯೋತ್ಸವ, ಇದು, ಮೂರೂ ಹೆಚ್ಚುಕಡಿಮೆ ಆಸುಪಾಸಿನಲ್ಲೇ ಬರುತ್ತವೆ. 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ಕತ್ತರಿ, ಗೋಂದು, ಬಣ್ಣದ ಕಾಗದ ಒಮ್ಮೆ ಹೊರಗೆ ತೆಗೆದರೆ ಮೂರಕ್ಕೂ ಆಗುತ್ತದೆ.

ಏನೇನು ಬೇಕು

• ಕಪ್ಪು ಕಾಗದ, ದೊಡ್ಡದು. ಅಮೆರಿಕದಲ್ಲಿ 12x18 ಇಂಚಿನ ಕನ್‌ಸ್ಟ್ರಕ್ಷನ್ ಪೇಪರ್ (ಒರಟು ಮೈಯ, ಅಗ್ಗದ ಬಣ್ಣದ ಕಾಗದ) ಸಾಕು. ಭಾರತದಲ್ಲಿ ಕಪ್ಪು ಚಾರ್ಟ್ ಪೇಪರ್.

• ಬಿಳಿ ಕಾರ್ಡ್‌ಸ್ಟಾಕ್, ಅಂದರೆ ಲಗ್ನಪತ್ರಿಕೆಗೆ ಬಳಸುವಂಥ ದಪ್ಪ ಕಾಗದ. ಅಮೆರಿಕದ ಪ್ಯಾಕೆಟ್ಟಿನ ಮೇಲೆ 65 ಪೌಂಡ್ ಎಂದಿದ್ದರೆ ಅದು ಸುಮಾರು 176 ಜಿಎಸ್‌ಎಂ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಮಾಮೂಲಿ ಪ್ರಿಂಟರ್ ಕಾಗದ 75 ಜಿಎಸ್‌ಎಂ.

• ಹಳದಿ, ಕಿತ್ತಳೆ ಟಿಶ್ಯೂ ಪೇಪರ್. ನಮ್ಮಲ್ಲಿ ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಕಾಗದವೇ ಅದು.

• ನೀರುಬಣ್ಣಕ್ಕೆ ಎರಡು ದಪ್ಪ ಡ್ರಾಯಿಂಗ್ ಹಾಳೆ, ಕಪ್ಪು ಅಥವಾ ನೇರಳೆ ನೀರುಬಣ್ಣ, ಅಗಲ ಬ್ರಷ್.

• ಬಿಳಿ ಕ್ರೇಯಾನ್ ಅಥವಾ ಬಿಳಿ ಆಯಿಲ್ ಪ್ಯಾಸ್ಟೆಲ್. ಕ್ರೇಯೋಲಾದ ಎಂಟು ಬಣ್ಣದ ಚಿಕ್ಕ ಡಬ್ಬಿಯಲ್ಲಿ ಬಿಳಿ ಇರುವುದಿಲ್ಲ, 1903ರಲ್ಲಿ 5 ಸೆಂಟಿಗೆ ಮಾರಿದ ಮೊದಲ ಡಬ್ಬಿಯಲ್ಲೂ ಇರಲಿಲ್ಲ. 24ರ ಡಬ್ಬಿ ತೆಗೆದುಕೊಳ್ಳಿ.

• ಗ್ಲೂ ಸ್ಟಿಕ್, ಮೊಂಡುತುದಿಯ ಕತ್ತರಿ, ದೊಡ್ಡವರಿಗೆ ಮಾತ್ರ ಕ್ರಾಫ್ಟ್ ಚಾಕು, ಅದರ ಕೆಳಗೆ ಹಾಸಲು ಹಳೆಯ ರಟ್ಟು.

• ಹತ್ತು ಬ್ರ್ಯಾಡ್. ಎರಡು ಕಾಲು ಬಿಚ್ಚಿ ಮಡಚುವ ಹಿತ್ತಾಳೆ ಬಣ್ಣದ ಪಿನ್ನು ಇದು. ಸಿಗದಿದ್ದರೆ ದಪ್ಪ ದಾರ.

ಎಡಗೈ ಮಗುವಾದರೆ ಎಡಗೈ ಕತ್ತರಿಯನ್ನೇ ಕೊಡಿಸಿ. ಬಲಗೈ ಕತ್ತರಿ ಹಿಡಿದು ಒದ್ದಾಡುವ ಮಗುವಿಗೆ "ನಿನಗೆ ಕೈಕೆಲಸ ಬರೋಲ್ಲ" ಎಂದು ಹೇಳುವುದು ಅನ್ಯಾಯ. ಬಣ್ಣದ ಡಬ್ಬಿ ಅಮೆರಿಕದ್ದಾದರೆ ಮೇಲೆ ಎಪಿ ಎಂಬ ದುಂಡು ಮುದ್ರೆ ಇದೆಯೇ ನೋಡಿಕೊಳ್ಳಿ. ವಿಷಕಾರಿಯಲ್ಲ ಎಂದು ಪರೀಕ್ಷೆಯಾದ ಗುರುತು ಅದು.

ಹಂತ 1: ವಯಸ್ಸಿಗೆ ತಕ್ಕಂತೆ ಕೆಲಸ ಹಂಚಿ

ಮೂರು-ನಾಲ್ಕು ವರ್ಷದವರಿಗೆ ಅಡಗಿದ ದೆವ್ವದ ಚಿತ್ರ (ಹಂತ 2). ಐದಾರು ವರ್ಷದವರಿಗೆ ಬಾವಲಿ. ಏಳರ ಮೇಲಿನವರಿಗೆ ಜೇಡರಬಲೆ, ಅಸ್ಥಿಪಂಜರ. ಚಾಕು ಹಿಡಿಯುವ ಕೆಲಸ ನಿಮ್ಮದು.

ಎಷ್ಟು ಹೆದರಿಸಬೇಕು ಎಂಬುದನ್ನು ಮಗುವೇ ತೀರ್ಮಾನಿಸಲಿ. ಚಿಕ್ಕ ಮಕ್ಕಳಿಗೆ ನಗುವ ಕುಂಬಳಕಾಯಿ, ಬಾಲ ಎತ್ತಿದ ಬೆಕ್ಕು ಸಾಕು. ರಕ್ತ ಸುರಿಸುವ ತಲೆಬುರುಡೆ ನೋಡಿ ಹಗಲು ನಕ್ಕ ಮಗು ರಾತ್ರಿ ನಿಮ್ಮ ಹಾಸಿಗೆಗೆ ಬರುತ್ತದೆ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಬ್ರ್ಯಾಡ್, ಅಂಟಿಸುವ ಪ್ಲಾಸ್ಟಿಕ್ ಕಣ್ಣುಗುಡ್ಡೆ ಇಂಥವನ್ನು ಬಿಟ್ಟುಬಿಡಿ, ಬಾಯಿಗೆ ಹೋಗುವುದು ಖಂಡಿತ.

ಹಂತ 2: ಅಡಗಿದ ದೆವ್ವ, ಬಣ್ಣದ ಕೆಲಸ

ಬಣ್ಣ ಹಚ್ಚುವುದೆಂದರೆ ಗೆರೆಯೊಳಗೆ ತುಂಬುವುದು ಎಂದುಕೊಂಡ ಮಕ್ಕಳಿಗೆ ಇದು ಮಾಯೆ. ಮೇಣ ನೀರನ್ನು ಹಿಡಿದುಕೊಳ್ಳುವುದಿಲ್ಲ, ಅಷ್ಟೇ ಇದರ ಗುಟ್ಟು.

ಮಗು ದಪ್ಪ ಹಾಳೆಯ ಮೇಲೆ ಬಿಳಿ ಕ್ರೇಯಾನಿನಿಂದ ದೆವ್ವ, ಚಂದ್ರ, ಗೋರಿಕಲ್ಲು ಬಿಡಿಸಲಿ. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ ಎಂದು ಅದು ದೂರುತ್ತದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಮೇಣದ ಗೆರೆ ಮಿರುಗುತ್ತದೆ, ಎಲ್ಲಿ ಬಿಟ್ಟುಹೋಗಿದೆ ಎಂದು ಗೊತ್ತಾಗುತ್ತದೆ. ಕಣ್ಣು, ಬಾಯಿಯ ಜಾಗದಲ್ಲಿ ಕ್ರೇಯಾನ್ ಮುಟ್ಟಿಸಬಾರದು, ಅಲ್ಲಿ ಬಣ್ಣ ಇಳಿದು ಕಪ್ಪಾಗಬೇಕು. ಬಿಡಿಸಿ ಮುಗಿದ ಮೇಲೆ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಮೇಜಿಗೆ ಅಂಟಿಸಿ. ಈಗ ನೀರುಬಣ್ಣವನ್ನು ತಟ್ಟೆಯ ತಳ ಕಾಣುವಷ್ಟು ತೆಳ್ಳಗೆ ಮಾಡಿ, ಅಗಲ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಎಳೆಯಿರಿ. ದೆವ್ವ ಎದ್ದು ಬರುತ್ತದೆ.

ಕೆಡುವುದು ಎಲ್ಲಿ? ಒಂದು, ಕ್ರೇಯಾನ್ ಮೆಲ್ಲಗೆ ಉಜ್ಜಿದರೆ ಮೇಣ ಸಾಲದೆ ದೆವ್ವ ಮುಳುಗಿಹೋಗುತ್ತದೆ. ಚಿಕ್ಕ ಕೈಗೆ ಒತ್ತಲು ಆಗದಿದ್ದರೆ ಆಯಿಲ್ ಪ್ಯಾಸ್ಟೆಲ್ ಕೊಡಿ. ಎರಡು, "ವಾಷಬಲ್" ಎಂದು ಬರೆದ ಕ್ರೇಯಾನ್ ಇದಕ್ಕೆ ಬೇಡ, ನೀರಿಗೆ ಬಿಡಲೆಂದೇ ಮಾಡಿದ್ದು ಅದು. ಮೂರು, ಪೋಸ್ಟರ್ ಬಣ್ಣ ಗಟ್ಟಿಯಾಗಿ ಹಚ್ಚಿದರೆ ಮೇಣವನ್ನೂ ಮುಚ್ಚಿಬಿಡುತ್ತದೆ. ನಾಲ್ಕು, ಇದನ್ನು ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಚಿತ್ರದ ಮೇಲೆ ಮಾಡಿದರೆ ಕಪ್ಪು ಗೆರೆ ನೀರಿಗೆ ಹರಡಬಹುದು. ಗೆರೆಚಿತ್ರದ ಮೇಲೆಯೇ ಮಾಡಬೇಕಿದ್ದರೆ ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ತೆಗೆಸಿ. ಅದರ ಕಪ್ಪು ಪುಡಿ ಶಾಖಕ್ಕೆ ಕರಗಿ ಕಾಗದಕ್ಕೆ ಕಚ್ಚಿರುತ್ತದೆ, ನೀರಿಗೆ ಕದಲುವುದಿಲ್ಲ.

ದೊಡ್ಡ ಮಕ್ಕಳಿಗೆ ಇದರ ಉಲ್ಟಾ ಆಟ ಹಿಡಿಸುತ್ತದೆ: ಹಾಳೆ ತುಂಬ ಕಿತ್ತಳೆ, ಹಳದಿ, ಹಸಿರು ಕ್ರೇಯಾನ್ ಒತ್ತಿ ಬಳಿದು, ಮೇಲೆ ಕಪ್ಪು ಪೋಸ್ಟರ್ ಬಣ್ಣ ಬಳಿದು, ಒಣಗಿದ ಮೇಲೆ ಹಲ್ಲುಕಡ್ಡಿಯಿಂದ ಗೀಚುವುದು. ಬಣ್ಣಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸದಿದ್ದರೆ ಅದು ಮೇಣದ ಮೇಲೆ ನಿಲ್ಲದೆ ಗುಳ್ಳೆಗುಳ್ಳೆಯಾಗಿ ಸರಿಯುತ್ತದೆ.

ಹಂತ 3: ಭೂತಬಂಗಲೆ

ಕಿಟಕಿಯ ನಡುಭಾಗ ಇದು, ಸಮಯ ಕೊಡಿ. ಕಪ್ಪು ಹಾಳೆಯಲ್ಲಿ ಮನೆಯ ಹೊರರೇಖೆ ಬೇಕು: ಓರೆಯಾದ ಗೋಪುರ, ಮುರಿದ ಚಿಮಣಿ, ವಾಲಿದ ಬೇಲಿ. ನೆಟ್ಟಗೆ ಗೆರೆ ಎಳೆಯಲು ಬಾರದ ಮಗುವಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ, ಸೊಟ್ಟಗಿದ್ದಷ್ಟೂ ಚೆನ್ನ. ಬಿಳಿ ಪೆನ್ಸಿಲ್ ಅಥವಾ ಸೀಮೆಸುಣ್ಣದಿಂದ ಹಾಳೆಯ ಹಿಂಬದಿಯಲ್ಲಿ ಬಿಡಿಸಿ, ಆಗ ಗೆರೆ ಒರೆಸುವ ಗೋಜಿಲ್ಲ. ಹಿಂದೆ ಬಿಡಿಸಿದ್ದು ಮುಂದೆ ಎಡಬಲ ಅದಲುಬದಲಾಗಿ ಕಾಣುತ್ತದೆ ಎಂಬುದು ನೆನಪಿರಲಿ.

ಹೊರರೇಖೆ ಮಗು ಕತ್ತರಿಸಲಿ. ಕಿಟಕಿ, ಬಾಗಿಲುಗಳ ಕಿಂಡಿಯನ್ನು ರಟ್ಟಿನ ಮೇಲಿಟ್ಟು ನೀವು ಚಾಕುವಿನಿಂದ ತೆಗೆಯಿರಿ. ಮೂಲೆಗೆ ಬಂದಾಗ ಚಾಕು ತಿರುಗಿಸಬೇಡಿ, ಎತ್ತಿ ಕಾಗದ ತಿರುಗಿಸಿ. ಚಾಕು ತಿರುಗಿಸಿದರೆ ಮೂಲೆ ಹರಿಯುತ್ತದೆ. ಎರಡು ಕಿಂಡಿಗಳ ನಡುವೆ ಬೆರಳಿನಗಲ ಕಾಗದ ಉಳಿಸಿ. ಉಳಿಸದಿದ್ದರೆ ಗೋಪುರ ಮುಂದಕ್ಕೆ ಬಾಗಿ ನಿಲ್ಲುತ್ತದೆ.

ಹಿಂದಿನಿಂದ ಕಿಂಡಿಗಳಿಗೆ ಹಳದಿ, ಕಿತ್ತಳೆ ಟಿಶ್ಯೂ ಅಂಟಿಸಿ. ಇಲ್ಲಿ ಗ್ಲೂ ಸ್ಟಿಕ್ಕೇ ಬೇಕು. ಫೆವಿಕಾಲಿನಂಥ ನೀರಿನಂಶದ ಗೋಂದು ಟಿಶ್ಯೂವನ್ನು ಸುಕ್ಕುಗಟ್ಟಿಸಿ, ಬಣ್ಣವನ್ನೂ ಬಿಡಿಸುತ್ತದೆ. ಗೋಂದನ್ನು ಟಿಶ್ಯೂಗಲ್ಲ, ಕಪ್ಪು ಕಾಗದದ ಅಂಚಿಗೆ ಹಚ್ಚಿ. ಅಂಟಿಸುವ ಮೊದಲು ಒಂದು ಕಿಂಡಿಯ ಟಿಶ್ಯೂ ಮೇಲೆ ಕಪ್ಪು ಕಾಗದದ ಬೆಕ್ಕೋ, ಕೈಯೆತ್ತಿದ ನೆರಳೋ ಚಿಕ್ಕದಾಗಿ ಅಂಟಿಸಿದರೆ ರಾತ್ರಿ ಅದೇ ಎಲ್ಲರ ಕಣ್ಣಿಗೆ ಬೀಳುತ್ತದೆ.

ಇನ್ನು ಬಾಗಿಲು. ನಮ್ಮ ಕಡೆಯ ದೆವ್ವಕ್ಕೆ ಬಾಗಿಲ ಮೇಲಿನ ಬರಹ ಓದಲು ಬರುತ್ತದೆ ಎಂಬುದು 1990ರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಇದ್ದವರಿಗೆಲ್ಲ ಗೊತ್ತು. "ನಾಳೆ ಬಾ" ಎಂದು ಬರೆದರೆ ಓದಿಕೊಂಡು ಹೋಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತಿತ್ತಂತೆ ಪಾಪ. ಆ ಎರಡು ಪದ ನಿಮ್ಮ ಭೂತಬಂಗಲೆಯ ಬಾಗಿಲಲ್ಲಿ ಇರಲೇಬೇಕು. ಕನ್ನಡ ಬರೆಯಲು ಸತಾಯಿಸುವ ಮಕ್ಕಳೂ ಇದನ್ನು ಖುಷಿಯಿಂದ ಬರೆಯುತ್ತಾರೆ. ಆದರೆ ಅಕ್ಷರಗಳನ್ನು ಕಪ್ಪು ಕಾಗದದಲ್ಲಿ ಕೊರೆಯಲು ಹೋಗಬೇಡಿ, ನಮ್ಮ ದುಂಡು ಅಕ್ಷರಗಳ ಸುತ್ತು ಮುಚ್ಚಿದ ಕಡೆ ಒಳಗಿನ ತುಂಡು ಉದುರಿಬಿಡುತ್ತದೆ. ಬಾಗಿಲನ್ನು ಪೂರ್ತಿ ಕಿಂಡಿಯಾಗಿ ತೆಗೆದು, ಹಿಂದೆ ಹಳದಿ ಟಿಶ್ಯೂ ಅಂಟಿಸಿ, ಒಣಗಿದ ಮೇಲೆ ಹಾಳೆ ತಿರುಗಿಸಿ, ಮುಂಬದಿಯಿಂದ ಕಪ್ಪು ಮಾರ್ಕರಿನಲ್ಲಿ ಬರೆಸಿ. ಕೆಳಗೆ ರದ್ದಿ ಕಾಗದ ಇರಲಿ, ಮಾರ್ಕರ್ ಟಿಶ್ಯೂವಿನಿಂದ ಇಳಿದು ಮೇಜಿಗೆ ಹತ್ತುತ್ತದೆ.

ಹಂತ 4: ಜೇಡರಬಲೆ

ಅತಿ ಹೆಚ್ಚು ಜನ "ಬಿಚ್ಚಿದರೆ ಬಲೆಯಲ್ಲ, ಚೂರುಚೂರು ಆಯಿತು" ಎಂದು ಬರೆಯುವುದು ಇದರ ಬಗ್ಗೆಯೇ. ನಿಧಾನವಾಗಿ ಓದಿಕೊಳ್ಳಿ.

ಟಿಶ್ಯೂ ಅಥವಾ ಯಾವುದಾದರೂ ತೆಳು ಕಾಗದವನ್ನು ಚೌಕವಾಗಿ ಕತ್ತರಿಸಿ. ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ. ಅದನ್ನು ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ನಾಲ್ಕನೇ ಸಲ ಮತ್ತೆ ಅರ್ಧಕ್ಕೆ ಮಡಿಸಿ. ಪ್ರತಿ ಸಲವೂ ಚೌಕದ ನಡುಬಿಂದು ಒಂದೇ ಚೂಪು ತುದಿಯಲ್ಲಿ ಉಳಿಯಬೇಕು. ಕೊನೆಗೆ ಕೈಯಲ್ಲಿರುವುದು ಹದಿನಾರು ಪದರದ ಕಿರಿದಾದ ಬೆಣೆ. ನಾಲ್ಕನೇ ಮಡಿಕೆ ಬಿಟ್ಟರೆ ಬಲೆಗೆ ಎಂಟರ ಬದಲು ನಾಲ್ಕೇ ಅರೆಗಳು (ನಡುವಿನಿಂದ ಹೊರಕ್ಕೆ ಹೋಗುವ ಕಡ್ಡಿಯಂಥ ಪಟ್ಟಿಗಳು) ಬರುತ್ತವೆ, ನೋಡಲು ಕಿಟಕಿಯ ಸರಳಿನಂತಾಗುತ್ತದೆ. ಹದಿನಾರು ಪದರ ಎಂದ ಮೇಲೆ ಮಾಮೂಲಿ 75 ಜಿಎಸ್‌ಎಂ ಕಾಗದ ಮಕ್ಕಳ ಕತ್ತರಿಗೆ ಬಗ್ಗುವುದಿಲ್ಲ, ಅದಕ್ಕೇ ತೆಳು ಕಾಗದ ಎಂದದ್ದು.

ಈಗ ಬೆಣೆಗೆ ಎರಡು ಉದ್ದ ಬದಿ, ಒಂದು ತೆರೆದ ಹೊರ ಅಂಚು. ಉದ್ದ ಬದಿಗಳಲ್ಲಿ ಒಂದನ್ನು "ಉಳಿಸುವ ಬದಿ" ಎಂದು ಪೆನ್ಸಿಲಿನಿಂದ ಗುರುತು ಮಾಡಿ, ಅದರ ಉದ್ದಕ್ಕೂ ಅರ್ಧ ಸೆಂಟಿಮೀಟರ್ ಪಟ್ಟಿ ಗೆರೆ ಹಾಕಿ. ಈ ಪಟ್ಟಿಯೇ ಬಿಚ್ಚಿದಾಗ ಬಲೆಯ ಅರೆ. ಕತ್ತರಿ ಇದನ್ನು ಎಂದೂ ದಾಟಬಾರದು. ಇನ್ನೊಂದು ಬದಿಯಿಂದ ಮಾತ್ರ ಒಳಗೆ ಬಂದು ತೆಳು ತುಂಡುಗಳನ್ನು ತೆಗೆಯಿರಿ, ತುಂಡಿಗೂ ತುಂಡಿಗೂ ನಡುವೆ ತೆಳುವಾದ ಎಳೆ ಉಳಿಸಿ. ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ಕತ್ತರಿಸಿದರೆ ಅರೆಗಳು ತುಂಡಾಗಿ ಎಲ್ಲವೂ ಕೈಗೆ ಬರುತ್ತದೆ. ಚೂರುಚೂರಾಗುವುದಕ್ಕೆ ಕಾರಣ ಬಹುಪಾಲು ಇದೇ.

ಎಳೆಗಳ ಓರೆಯನ್ನೂ ಗಮನಿಸಿ. ನಿಜವಾದ ಬಲೆಯಲ್ಲಿ ಎರಡು ಅರೆಗಳ ನಡುವಿನ ಎಳೆ ನಡುವಿನ ಕಡೆಗೆ ಜೋತಿರುತ್ತದೆ. ಆದ್ದರಿಂದ ಕತ್ತರಿ ಒಳಹೋಗುವ ಬದಿಯಲ್ಲಿ ಗೆರೆ ಚೂಪು ತುದಿಗೆ ಹತ್ತಿರ, ಉಳಿಸುವ ಬದಿಗೆ ಹೋಗುತ್ತ ಹೊರಕ್ಕೆ ಏರಬೇಕು. ಹೊರ ಅಂಚನ್ನೂ ಹೀಗೇ ಬಾಗಿಸಿ ಕತ್ತರಿಸಿ. ನೇರ ಕತ್ತರಿಸಿದರೆ ಅದು ಬಲೆಯಂತಲ್ಲ, ಮೇಜಿನ ಲೇಸಿನಂತೆ ಕಾಣುತ್ತದೆ. ಚೂಪು ತುದಿಯನ್ನು ಮುಟ್ಟಬೇಡಿ, ಅದು ಹೋದರೆ ನಡುವೆ ತೂತು.

ಬಿಚ್ಚುವಾಗ ಮೇಜಿನ ಮೇಲೆ ಹರವಿ, ಅಂಗೈಯಿಂದ ಒಂದೊಂದೇ ಮಡಿಕೆ ಸರಿಸಿ. ಜೇಡ ಬಿಡಿಸುವ ಮಗುವಿಗೆ ಒಂದು ಮಾತು: ಎಂಟು ಕಾಲೂ ಮುಂದಿನ ಚಿಕ್ಕ ಭಾಗದಿಂದಲೇ ಹೊರಡುತ್ತವೆ, ಹಿಂದಿನ ದೊಡ್ಡ ಹೊಟ್ಟೆಯಿಂದಲ್ಲ. ಅಂಗಡಿಯಲ್ಲಿ ಸಿಗುವ ಅಲಂಕಾರಗಳಲ್ಲೂ ಇದು ಎಷ್ಟೋ ಸಲ ತಪ್ಪಿರುತ್ತದೆ, ಹುಡುಕಿ ಹಿಡಿಯುವುದು ಮಕ್ಕಳಿಗೆ ಮಜಾ.

ಹಂತ 5: ಬಾವಲಿಗಳ ಸಾಲು

ಕಪ್ಪು ಕಾಗದದ ಉದ್ದ ಪಟ್ಟಿ, ಸುಮಾರು 11 ಇಂಚು ಉದ್ದ, 4 ಇಂಚು ಎತ್ತರ. ಬೀಸಣಿಗೆಯ ಹಾಗೆ ಹಿಂದೆಮುಂದೆ ಮಡಿಸಿ ನಾಲ್ಕು ಸಮಭಾಗ ಮಾಡಿ. ಮೇಲಿನ ಭಾಗದ ಮೇಲೆ ಅರ್ಧ ಬಾವಲಿ ಬಿಡಿಸಬೇಕು: ಒಂದು ಬದಿಗೆ ಅರ್ಧ ಮೈ, ಇನ್ನೊಂದು ಬದಿಗೆ ರೆಕ್ಕೆಯ ತುದಿ.

ಯಾವ ಬದಿಗೆ ಯಾವುದು? ಮಡಿಸಿದ ಕಟ್ಟನ್ನು ನೋಡಿ, ಒಂದು ಬದಿಯಲ್ಲಿ ಬರೀ ಮಡಿಕೆಗಳು, ಇನ್ನೊಂದು ಬದಿಯಲ್ಲಿ ಪಟ್ಟಿಯ ಎರಡು ಬಿಡಿ ತುದಿಗಳೂ ಇವೆ. ಮೈ ಬರೀ ಮಡಿಕೆಯ ಬದಿಗೆ, ರೆಕ್ಕೆಯ ತುದಿ ಬಿಡಿ ತುದಿಗಳ ಬದಿಗೆ. ತಿರುಗಾಮುರುಗಾ ಆದರೆ ಸಾಲಿನ ಎರಡೂ ಕೊನೆಗೆ ಅರ್ಧರ್ಧ ಬಾವಲಿ ನೇತಾಡುತ್ತದೆ. ರೆಕ್ಕೆಯ ತುದಿಯಲ್ಲಿ ಒಂದು ಇಂಚಿನಷ್ಟು ಮಡಿಕೆಯನ್ನು ಕತ್ತರಿಸದೆ ಬಿಡಬೇಕು. ಅದು ಬಿಟ್ಟಿದ್ದರೆ ಸಾಲು, ಕತ್ತರಿಸಿದರೆ ಬಿಡಿ ಬಾವಲಿಗಳು. ಹಾಗಾದರೂ ಅಳುವ ಕಾರಣವಿಲ್ಲ, ಬಿಡಿ ಬಾವಲಿಗಳನ್ನು ಗೋಪುರದ ಸುತ್ತ ಚದುರಿಸಿ ಅಂಟಿಸಿ.

ರೆಕ್ಕೆಯ ಕೆಳಅಂಚಿನ ಬಾಗುಗಳು ಸುಮ್ಮನೆ ಬರುವುದಲ್ಲ. ಬಾವಲಿಯ ರೆಕ್ಕೆ ಅದರ ಕೈಯೇ, ನೀಳ ಬೆರಳುಗಳ ನಡುವೆ ಚರ್ಮ ಹರಡಿಕೊಂಡಿರುತ್ತದೆ. ಕೆಳಗಿನ ಒಂದೊಂದು ಚೂಪೂ ಒಂದೊಂದು ಬೆರಳಿನ ತುದಿ, ಮೇಲಿನ ಚಿಕ್ಕ ಕೊಕ್ಕೆ ಹೆಬ್ಬೆರಳು. ಇದನ್ನು ಹೇಳಿಕೊಟ್ಟರೆ ಮಗು ತನ್ನ ಕೈಯನ್ನೇ ಬಿಡಿಸಿಟ್ಟು ನೋಡಿಕೊಂಡು ಗೆರೆ ಹಾಕುತ್ತದೆ.

ಹಂತ 6: ಕುಣಿಯುವ ಅಸ್ಥಿಪಂಜರ

ಬಿಳಿ ಕಾರ್ಡ್‌ಸ್ಟಾಕಿನಲ್ಲಿ ಹನ್ನೊಂದು ತುಂಡು: ತಲೆಬುರುಡೆ, ಎದೆಗೂಡು, ಸೊಂಟ, ಎರಡು ತೋಳು, ಎರಡು ಮುಂಗೈ, ಎರಡು ತೊಡೆ, ಎರಡು ಮೊಣಕಾಲ ಕೆಳಗಿನ ಭಾಗ. ಕೀಲು ಹತ್ತು. ಎದೆಗೂಡಿನ ಪಕ್ಕೆಲುಬುಗಳ ನಡುವಿನ ಜಾಗ ಕತ್ತರಿಸಿ ತೆಗೆಯಬೇಡಿ, ಕಪ್ಪು ಮಾರ್ಕರಿನಲ್ಲಿ ತುಂಬಿ. ಕತ್ತರಿಸಿದರೆ ನಾಲ್ಕು ದಿನಕ್ಕೆ ಹರಿಯುತ್ತದೆ.

ತೂತು ಅಂಚಿನಿಂದ ಕನಿಷ್ಠ ಮುಕ್ಕಾಲು ಸೆಂಟಿಮೀಟರ್ ಒಳಗಿರಲಿ, ಬ್ರ್ಯಾಡಿನ ಕಾಲಿಗಿಂತ ತುಸು ದೊಡ್ಡದಿರಲಿ. ಬಿಗಿಯಾದ ತೂತಿನಲ್ಲಿ ಕೈಕಾಲು ತಿರುಗುವುದಿಲ್ಲ, ಎಳೆದಾಗ ಕಾಗದ ಹರಿಯುತ್ತದೆ. ಬ್ರ್ಯಾಡ್ ಇಲ್ಲದಿದ್ದರೆ ದಾರ ಪೋಣಿಸಿ ಎರಡೂ ಕಡೆ ಗಂಟು ಹಾಕಿ, ನಮ್ಮ ತೊಗಲುಗೊಂಬೆಯ ಕೈಕಾಲು ಕಟ್ಟುವ ಹಾಗೆ. ನನಗಂತೂ ದಾರದ್ದೇ ಹೆಚ್ಚು ಇಷ್ಟ, ಗಾಳಿಗೆ ಸಡಿಲವಾಗಿ ಕುಣಿಯುತ್ತದೆ. ಅಜ್ಜಿ ಹೇಳುವ ದೆವ್ವಕ್ಕೆ ಪಾದ ಹಿಂದುಮುಂದಾಗಿ ಇರುತ್ತದಲ್ಲ, ಹಾಗೆ ಬೇಕೆಂದರೆ ಪಾದಗಳನ್ನು ಬೇರೆ ತುಂಡಾಗಿ ಕತ್ತರಿಸಿ, ಹಿಮ್ಮಡಿ ಮುಂದೆ ಬರುವಂತೆ ಅಂಟಿಸಿ. ನೆರೆಯ ಮಕ್ಕಳು ಕೇಳಿದಾಗ ಕಥೆ ಹೇಳುವ ಕೆಲಸ ನಿಮ್ಮ ಮಗುವಿನದು.

ಹಂತ 7: ಬಂದ ಮಕ್ಕಳಿಗೆ ಕೊಡಲು ಬಣ್ಣದ ಪುಟ್ಟ ಪುಸ್ತಕ

ಹ್ಯಾಲೋವೀನ್ ಸಂಜೆ ಸಿಹಿತಿಂಡಿ ಕೇಳುತ್ತ ಮನೆಮನೆಗೆ ಬರುವ ಮಕ್ಕಳಲ್ಲಿ ಕಡಲೆಕಾಯಿ, ಹಾಲು ಆಗದವರಿರುತ್ತಾರೆ. ಆಹಾರ ಅಲರ್ಜಿಯ ಬಗ್ಗೆ ಕೆಲಸ ಮಾಡುವ ಫೇರ್ ಎಂಬ ಸಂಸ್ಥೆ 2014ರಲ್ಲಿ ಅಮೆರಿಕದಾದ್ಯಂತ ಒಂದು ರೂಢಿ ಶುರುಮಾಡಿತು: ಬಾಗಿಲ ಮುಂದೆ ಹಸಿರುನೀಲಿ ಬಣ್ಣದ ಕುಂಬಳಕಾಯಿ ಕಂಡರೆ ಅಲ್ಲಿ ತಿಂಡಿಯಲ್ಲದ ಉಡುಗೊರೆಯೂ ಸಿಗುತ್ತದೆ ಎಂದರ್ಥ. ಒಂದೇ ಹಾಳೆಯಲ್ಲಿ ಎಂಟು ಪುಟದ ಬಣ್ಣದ ಪುಸ್ತಕ ಮಾಡಿಟ್ಟರೆ ಅದಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ.

ಹಾಳೆಯನ್ನು ಎಂಟು ಸಮಭಾಗವಾಗಿ ಮಡಿಸಿ ಬಿಚ್ಚಿ, ನಾಲ್ಕು ಕಂಬ, ಎರಡು ಸಾಲು. ನಡುವಿನ ಎರಡು ಕಂಬಗಳ ಉದ್ದಕ್ಕೆ ಮಾತ್ರ, ಎರಡು ಸಾಲುಗಳ ನಡುವಿನ ಮಡಿಕೆಯ ಮೇಲೆ ಸೀಳಿ. ಉದ್ದಕ್ಕೆ ಮಡಿಸಿ ಎರಡೂ ತುದಿಯಿಂದ ಒಳಕ್ಕೆ ತಳ್ಳಿದರೆ ಸೀಳು ಬಾಯಿ ತೆರೆದು, ನಾಲ್ಕು ರೆಕ್ಕೆಯಾಗಿ, ಪುಸ್ತಕವಾಗಿ ಕೂರುತ್ತದೆ.

ಪುಟಗಳ ಕ್ರಮದಲ್ಲಿ ಎಲ್ಲರೂ ಎಡವುತ್ತಾರೆ. ಕೆಳಸಾಲು ಎಡದಿಂದ 8, 1, 2, 3. ಮೇಲಿನ ಸಾಲು ತಲೆಕೆಳಗಾಗಿ, ಎಡದಿಂದ 7, 6, 5, 4. ಇದನ್ನು ನೆನಪಿಡುವ ತಲೆನೋವೇ ಬೇಡ: ಮೊದಲು ಖಾಲಿ ಹಾಳೆಯನ್ನು ಪುಸ್ತಕ ಮಾಡಿ, ಪೆನ್ಸಿಲಿನಿಂದ ಪುಟಸಂಖ್ಯೆ ಹಾಕಿ, ಬಿಚ್ಚಿ, ಆ ಸಂಖ್ಯೆ ನೆಟ್ಟಗೆ ಕಾಣುವಂತೆ ಹಿಡಿದು ಚಿತ್ರ ಬಿಡಿಸಿ. ಚಿತ್ರ ನಿಮ್ಮ ಮಗುವಿನದೇ ಇರಲಿ. ಸಿನಿಮಾ, ಕಾರ್ಟೂನಿನ ಪಾತ್ರಗಳನ್ನು ನಕಲು ಮಾಡಿ ಹಂಚುವುದು ಬೇಡ. ಕಪ್ಪು ಪೆನ್ನಿನ ದಪ್ಪ ಗೆರೆಯಲ್ಲಿ ಬಿಡಿಸಿದರೆ ಜೆರಾಕ್ಸ್ ಚೊಕ್ಕವಾಗಿ ಬರುತ್ತದೆ.

ಊರಿನಲ್ಲಿರುವ ಅಕ್ಕನ ಮಕ್ಕಳಿಗೆ ಫೈಲ್ ಕಳಿಸುವವರಿಗೆ ಎಚ್ಚರಿಕೆ: ಅಮೆರಿಕದ ಲೆಟರ್ ಹಾಳೆ 216x279 ಮಿಲಿಮೀಟರ್, ನಮ್ಮ ಎ4 210x297. ಒಂದಕ್ಕೆಂದು ಮಾಡಿದ್ದನ್ನು ಇನ್ನೊಂದರಲ್ಲಿ ಪೂರ್ತಿ ಗಾತ್ರಕ್ಕೆ ತೆಗೆದರೆ ಅಂಚಿನ ಬಾಲ, ಕಿವಿಗಳು ಕತ್ತರಿಸಿಹೋಗುತ್ತವೆ. "ಫಿಟ್ ಟು ಪೇಜ್" ಒತ್ತಿದರೆ ಚಿತ್ರ ಉಳಿಯುತ್ತದೆ, ಆದರೆ ಮಡಿಕೆಯ ಗೆರೆ ತುಸು ಸರಿಯುತ್ತದೆ. ಅಚ್ಚಾದ ಗೆರೆ ನಂಬದೆ ಹಾಳೆಯ ಅಂಚಿಗೆ ಅಂಚು ಕೂಡಿಸಿ ಮಡಿಸಿ.

ಹಂತ 8: ಕಿಟಕಿಗೆ ಏರಿಸುವುದು

ಬೀದಿಯಿಂದ ನೋಡುವವರಿಗಾಗಿ ಮಾಡಿದ್ದರಿಂದ ಎಲ್ಲದರ ಮುಖ ಗಾಜಿನ ಕಡೆಗೆ ಇರಬೇಕು. "ನಾಳೆ ಬಾ" ಒಳಗಿನಿಂದ ಉಲ್ಟಾ ಕಂಡರೆ ಸರಿಯಾಗಿದೆ ಎಂದರ್ಥ. ಬಂಗಲೆ ಕೆಳಗೆ, ಬಲೆ ಮೇಲಿನ ಮೂಲೆಗೆ, ಬಾವಲಿ ಸಾಲು ಅಡ್ಡಕ್ಕೆ, ಅಸ್ಥಿಪಂಜರ ಕಿಟಕಿಯಲ್ಲಲ್ಲ, ಬಾಗಿಲಿಗೆ. ಅಡಗಿದ ದೆವ್ವದ ಚಿತ್ರವನ್ನು ಹಿಂಬೆಳಕಿಗೆ ಇಟ್ಟರೆ ದಪ್ಪ ಹಾಳೆ ಬೆಳಕು ಬಿಡುವುದಿಲ್ಲ, ಅದೂ ಬಾಗಿಲ ಪಕ್ಕಕ್ಕೇ.

ಗಾಜಿಗೆ ಮಾಮೂಲಿ ಟೇಪ್ ನಡೆಯುತ್ತದೆ. ಬಾಡಿಗೆ ಮನೆಯ ಗೋಡೆ, ಬಾಗಿಲಿಗೆ ನೀಲಿ ಪೇಂಟರ್ಸ್ ಟೇಪ್ ಬಳಸಿ, ಬಣ್ಣ ಕಿತ್ತುಬಂದರೆ ಠೇವಣಿಗೆ ಕುತ್ತು. ಚಳಿ ಊರುಗಳಲ್ಲಿ ಅಕ್ಟೋಬರಿನ ಬೆಳಗ್ಗೆ ಗಾಜಿನ ಒಳಗೆ ನೀರಹನಿ ಕಟ್ಟುತ್ತದೆ, ಟಿಶ್ಯೂ ನೆನೆದು ಬಣ್ಣ ಬಿಡುತ್ತದೆ. ಅಲ್ಲಿ ಬಂಗಲೆಯನ್ನು ಗಾಜಿಗೆ ಅಂಟಿಸುವ ಬದಲು ಮೇಲಿನಿಂದ ದಾರದಲ್ಲಿ ಎರಡು ಬೆರಳು ಹಿಂದಕ್ಕೆ ಇಳಿಬಿಡಿ. ಕನ್‌ಸ್ಟ್ರಕ್ಷನ್ ಪೇಪರಿನ ಕಪ್ಪು ಬಿಸಿಲಿಗೆ ಬೇಗ ಮಾಸುತ್ತದೆ, ಹಾಗಾಗಿ ಸೆಪ್ಟೆಂಬರಿನಲ್ಲೇ ಏರಿಸುವ ಆತುರ ಬೇಡ. ಅಕ್ಟೋಬರ್ ಮೂರನೇ ವಾರ ಸರಿಯಾದ ಹೊತ್ತು.

ದೀಪದ ವಿಷಯದಲ್ಲಿ ರಾಜಿ ಇಲ್ಲ: ಕಾಗದದ ಹತ್ತಿರ ಮೇಣದಬತ್ತಿ, ಹಣತೆ, ಬಿಸಿಯಾಗುವ ಬಲ್ಬ್ ಯಾವುದೂ ಬೇಡ. ಟಿಶ್ಯೂ, ಕ್ರೇಪ್ ಎರಡೂ ಕ್ಷಣದಲ್ಲಿ ಹತ್ತಿಕೊಳ್ಳುತ್ತವೆ. ಎಲ್‌ಇಡಿ ಟೇಬಲ್ ದೀಪವನ್ನು ಒಂದೆರಡು ಅಡಿ ಹಿಂದಿಟ್ಟು, ನಡುವೆ ಬಿಳಿ ಪಂಚೆ ಅಥವಾ ಬೆಡ್‌ಶೀಟ್ ಇಳಿಬಿಟ್ಟರೆ ಬೆಳಕು ಒಂದೇ ಸಮನೆ ಹರಡುತ್ತದೆ, ಬಲ್ಬಿನ ಚುಕ್ಕೆ ಕಾಣುವುದಿಲ್ಲ. ಬ್ಯಾಟರಿ ದೀಪಗಳಾದರೆ ಬಟನ್ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಿ. ಆ ನಾಣ್ಯದಂಥ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಇಂಥ ಮುಚ್ಚಳ ಮಕ್ಕಳ ಕೈಗೆ ಬಿಚ್ಚಿಕೊಳ್ಳಬಾರದು ಎನ್ನುವ 2022ರ ರೀಸ್ ಕಾನೂನು ಅಮೆರಿಕದಲ್ಲಿ ಬಂದದ್ದೇ ಈ ಬ್ಯಾಟರಿ ನುಂಗಿದ ಮಗುವೊಂದರ ಸಾವಿನ ನಂತರ. ಹಳೆಯ, ಅಗ್ಗದ ದೀಪಗಳ ಮುಚ್ಚಳ ಉಗುರಿಗೇ ಬಿಚ್ಚಿಕೊಳ್ಳುತ್ತದೆ. ಮಗು ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೋಗಿ.

ನವೆಂಬರ್ 1ಕ್ಕೆ ಇಳಿಸುವಾಗ ಟೇಪನ್ನು ಕಾಗದದಿಂದ ಕೀಳಬೇಡಿ, ಅಂಚಿನಲ್ಲಿ ಕತ್ತರಿಸಿ ಬಿಡಿ. ಬಂಗಲೆ, ಬಲೆಯನ್ನು ಎರಡು ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು ಮಂಚದ ಕೆಳಗೆ ತಳ್ಳಿದರೆ ಮುಂದಿನ ವರ್ಷಕ್ಕೆ ಟಿಶ್ಯೂ ಮಾತ್ರ ಬದಲಿಸಿದರಾಯಿತು. ಉಳಿದ ಹಳದಿ ಕಾಗದ ಎಸೆಯಬೇಡಿ. ಜೊತೆಗೊಂದು ಕೆಂಪು ಹಾಳೆ ತಂದರೆ ಅವತ್ತೇ ಕಿಟಕಿಗೆ ಬಾವುಟ ಆಗುತ್ತದೆ, ದೀಪಾವಳಿ ಇನ್ನೂ ಮುಂದಿದ್ದರೆ ಗೂಡುದೀಪಕ್ಕೂ ಒದಗುತ್ತದೆ.